ಸುಸ್ವಾಗತದ ಕೆಳಗಿನ ಎಮ್ಮೆ

ಬ್ಯಾಂಕಿನ ದೊಡ್ಡ ಸಾಹೇಬರು ಗುರುವಾರ ವಿಜಯವಾಡದ ಒನ್ ಟೌನ್ ಶಾಖೆಗೆ ಬಂದಾಗ, ಬಾಗಿಲೆದುರಿನ ಟೀವಿಯಲ್ಲಿ ‘ಸುಸ್ವಾಗತ’ದ ಕೆಳಗೆ ಅವರ ಫೋಟೊ ಇರಬೇಕಿತ್ತು. ಅಲ್ಲಿ ಒಂದು ಎಮ್ಮೆ ಇತ್ತು. ಚೆಂದದ ಎಮ್ಮೆಯೇ, ಆದರೂ ಸಾಹೇಬರು ಕಾಫಿ ಕೂಡ ಕುಡಿಯದೆ ಹೊರಟುಹೋದರು.

ಶುಕ್ರವಾರ ಬೆಳಿಗ್ಗೆ ಅದೇ ಶಾಖೆಯ ಆಫೀಸರ್ ಧನಂಜಯ ವಿಶಾಖಪಟ್ಟಣದಿಂದ ಬಂದಿಳಿದ. ಕಂಪ್ಯೂಟರಿನೊಳಗೆ ಯಾರು ಏನು ಮಾಡಿದರೆಂದು ಪತ್ತೆ ಹಚ್ಚುವ ಫೊರೆನ್ಸಿಕ್ ವಿದ್ಯೆಯ ಅಆಇಈ ಕಲಿಯಲು ಬ್ಯಾಂಕೇ ಅವನನ್ನು ಒಂದು ವಾರ ಅಲ್ಲಿಗೆ ಕಳಿಸಿತ್ತು.

ಮ್ಯಾನೇಜರ್ ಜಗನ್ಮೋಹನರ ತಾಯಿ ಬಳ್ಳಾರಿಯವರು. ಹಾಗಾಗಿ ಸಿಟ್ಟು, ಸಂತೋಷ ಏನೇ ಬಂದರೂ ಅವರ ಬಾಯಲ್ಲಿ ಕನ್ನಡ ಹೊರಡುತ್ತಿತ್ತು. “ಧನಂಜಯಗಾರೂ, ಸಾಯಂಕಾಲದೊಳಗೆ ಕಳ್ಳ ಸಿಗಬೇಕು. ಸಿಕ್ಕರೆ ನಿಮ್ಮ ಧಾರವಾಡದ ಟ್ರಾನ್ಸ್‌ಫರಿಗೆ ಈವತ್ತೇ ಸಹಿ ಹಾಕ್ತೀನಂಡಿ!”

ಧಾರವಾಡ! ಹೆಂಡತಿ ಸುಲೋಚನಾ ಅಲ್ಲಿ, ಇವನು ಇಲ್ಲಿ. ಧನಂಜಯನ ಮೈಯಲ್ಲಿ ಆನೆ ಬಲ ಬಂತು. ಟೀವಿಗೆ ಜೋಡಿಸಿದ ಕಂಪ್ಯೂಟರಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದ.

“ಯಾರೂ ಮುಟ್ಟಬ್ಯಾಡ್ರಿ! ಮೂಲ ಮುಟ್ಟಬಾರದು, ನಕಲು ತಗದು ನಕಲಿನಾಗ ಹುಡುಕಬೇಕು. ಅದ ಮೊದಲನೇ ಪಾಠ!”

ಅವನು ಚಹಾ ಕುಡಿದು ಬರುವಷ್ಟರಲ್ಲಿ ಕ್ಲರ್ಕ್ ಕನಕಲಕ್ಷ್ಮಿ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು. “ಶುಕ್ರವಾರಂ ಕದಂಡಿ!” ಎಂದರು, ಶುಕ್ರವಾರ ಪೂಜೆ ತಪ್ಪಿಸುವುದುಂಟೇ ಎಂಬಂತೆ. ಮೊಬೈಲ್ ಚಾರ್ಜಿಗಿಡಲು ಕ್ಯಾಷಿಯರ್ ದಿನಕರ ಅದರ ಪ್ಲಗ್ಗನ್ನೇ ಕಿತ್ತಿದ್ದ.

ಧನಂಜಯನಿಗೆ ಅಳು ಬರುವುದೊಂದು ಬಾಕಿ. ಹಾಗೂ ಹೀಗೂ ನಕಲು ತೆಗೆದ. ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಇಬ್ಬರಿಂದಲೂ ಸಾಕ್ಷಿ ಸಹಿ ಹಾಕಿಸಿದ. ಇನ್ನು ದೇವರೇ ಬಂದರೂ ಅದನ್ನು ತಿದ್ದುವಂತಿರಲಿಲ್ಲ.

ಇಡೀ ಶಾಖೆ ಅವನ ಬೆನ್ನಿಗಂಟಿ ನಿಂತಿತು. ಪರದೆಯ ಮೇಲೆ ಉತ್ತರ ಮೂಡಿತು. ಎಮ್ಮೆಯನ್ನು ಹಾಕಿದ್ದು ಬುಧವಾರ ಸಂಜೆ. ಹಾಕಿದವರು, ಧನಂಜಯ.

“ನಾ ಆವತ್ತ ವಿಶಾಖಪಟ್ಟಣದಾಗ ಇದ್ದೆನ್ರಿ!”

“ಮತ್ತೆ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ರಿ?” ಎಂದರು ಮ್ಯಾನೇಜರ್, ದನಿ ತಗ್ಗಿಸಿ.

ಎಲ್ಲರಿಗೂ ಕೊಟ್ಟಿದ್ದ. ಕೆಲಸ ನಿಲ್ಲಬಾರದೆಂದು, ಊರಿಗೆ ಹೋಗುವವರು ಪಾಸ್‌ವರ್ಡ್ ಬಿಟ್ಟುಹೋಗುವುದು ಆ ಶಾಖೆಯ ಪದ್ಧತಿ. ಆದರೆ ಹಾಗೆಂದು ಬಾಯಿಬಿಟ್ಟರೆ ಸಸ್ಪೆಂಡ್ ಆಗುವುದು ಖಂಡಿತ. ದಿನಕರ ಫ್ಯಾನು ನೋಡಿದ. ಕನಕಲಕ್ಷ್ಮಿ ಬಳೆ ತಿರುವಿದರು.

“ಅಲ್ಲಿ ಕುಂತು ನಾನ ಹಾಕೀನ್ರಿ,” ಎಂದ ಧನಂಜಯ, ಬೆವರೊರೆಸಿಕೊಳ್ಳುತ್ತ. “ದೂರದಿಂದ ಯಂತ್ರ ತೆರೆಯೋ ಅಭ್ಯಾಸ ಮಾಡ್ರಿ ಅಂದಿದ್ರು. ಕೈ ತಪ್ಪಿತು.”

ಮ್ಯಾನೇಜರ್ ಅವನನ್ನು ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದರು. “ಬುಧವಾರ ನಿಮ್ಮ ಪಾಸ್‌ವರ್ಡ್ ಹೊಡೆದು ಫೋಟೊ ಹಾಕಿದ್ದು ನಾನೇ ಅಂಡಿ! ನಮ್ಮ ಬಾವ ಮಾರೋಕಿಟ್ಟು ನಂಗೆ ಫೋಟೊ ಕಳಿಸಿದ ಎಮ್ಮೆ ಅದು. ಸಾಹೇಬರ ಬದಲು ಅದನ್ನ ಒತ್ತಿದ್ದೀನಿ ಅಂತ ಈಗ ಗೊತ್ತಾಯ್ತು. ನನ್ನ ಮಾನ ಉಳಿಸಿದ್ರಿ!” ಎಂದು ಕೈ ಹಿಡಿದು, ಟ್ರಾನ್ಸ್‌ಫರ್ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಅಷ್ಟರಲ್ಲಿ ದೊಡ್ಡ ಸಾಹೇಬರ ಫೋನು. ಮ್ಯಾನೇಜರ್ ಧನಂಜಯನ ಪರಾಕ್ರಮವನ್ನೆಲ್ಲ ವರ್ಣಿಸಿದರು, ಕೇಳಿಸಿಕೊಂಡರು, ಪೆನ್ನು ಮುಚ್ಚಿದರು.

“ಕೋಪ ಇಳೀತಂತೆ. ಅಲ್ಲಿ ಕೂತು ಇಲ್ಲಿನ ಯಂತ್ರಕ್ಕೆ ಕೈ ಹಾಕೋ ಗಂಡು ನಿಮ್ಮನ್ನ ಬಿಟ್ರೆ ನಮ್ಮ ಬ್ಯಾಂಕಲ್ಲೇ ಇಲ್ಲವಂತೆ. ಐದು ವರ್ಷ ವಿಶಾಖಪಟ್ಟಣದಲ್ಲಿದ್ದು ಎಲ್ಲರಿಗೂ ಆ ವಿದ್ಯೆ ಕಲಿಸಬೇಕಂತಂಡಿ.”

“ಧಾರವಾಡ್ರಿ?”

“ಇನ್ನಷ್ಟು ದೂರ ಆಯ್ತು,” ಎಂದು ಮ್ಯಾನೇಜರ್ ಕಾಗದವನ್ನು ಎರಡಾಗಿ ಹರಿದರು.