ತಪಸ್ಸು ಕಾಲದಲ್ಲಿ ವರ್ಷತೊಡಕು

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ನನ್ನದು ಏನೇನೂ ತಪ್ಪಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ನಿಮಗೆ ಬೇರೆ ಥರ ಅನ್ನಿಸಿದರೆ ಅದು ನಿಮ್ಮ ತಪ್ಪು!

ನಾನು ಉದ್ದನಪಲ್ಲಿಯ ಬೇಸಾಯದ ಮನೆಯ ಮಗ, ಮುನಿರಾಜು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದೆ. ಕೃಷ್ಣಗಿರಿ ಕಡೆಯ ಆರೋಗ್ಯಮೇರಿ ಎಂಬ ಲೆಕ್ಕದ ಟೀಚರನ್ನು ಪ್ರೀತಿಸಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ. ಅವಳು ಚರ್ಚಿಗೆ ಹೋಗುವವಳು, ನಾನು ಮುನೇಶ್ವರನಿಗೆ ಕೈ ಮುಗಿಯುವವನು. ಮದುವೆಗೆ ಮುಂಚೆಯೇ ಹೊಸೂರು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತು ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅವಳ ಹಬ್ಬ ಅವಳದು, ನನ್ನ ಹಬ್ಬ ನನ್ನದು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಅಡ್ಡಿ ಬರತಕ್ಕದ್ದಲ್ಲ.

ನನ್ನ ಪಾಲಿನ ಒಪ್ಪಂದವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಕ್ರಿಸ್‌ಮಸ್ಸಿಗೆ ಅವಳ ತವರಿಗೆ ಹೋಗಿ, ಅವಳು ಹೊಲಿಸಿದ ಹೊಸ ಅಂಗಿ ತೊಟ್ಟು, ಅತ್ತೆ ಮಾಡಿದ ಬಿರಿಯಾನಿಯನ್ನು ಮೂರು ಸಲ ಹಾಕಿಸಿಕೊಂಡು ಉಂಡೆ. ಪರಧರ್ಮ ಸಹಿಷ್ಣುತೆ ಎಂದರೆ ಇನ್ನೇನು?

ಫೆಬ್ರವರಿ ಕಳೆದ ಮೇಲೆ ಅವರ ತಪಸ್ಸು ಕಾಲ ಬಂತು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಆರೋಗ್ಯಮೇರಿ ಮಾಂಸ ಮುಟ್ಟುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವಳು ಮುಟ್ಟದ್ದು ನನ್ನ ತಟ್ಟೆಗೂ ಬರುವುದಿಲ್ಲ. ಕ್ರಿಶ್ಚಿಯನ್ನರ ಮನೆ ಹುಡುಗಿಯನ್ನು ಮದುವೆಯಾದರೆ ವಾರಕ್ಕೆ ಮೂರು ದಿನ ಬಾಡೂಟ ಎಂದು ಕಾರ್ಖಾನೆಯ ಗೆಳೆಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಇಲ್ಲಿ ನೋಡಿದರೆ ಮೂರು ವಾರದಿಂದ ಬರೀ ಸೊಪ್ಪು, ಕಾಳು, ಸೊಪ್ಪು! ನಾನು ಕಾರ್ಖಾನೆಯ ಬಸ್ಸಿನಲ್ಲಿ ಈ ಅನ್ಯಾಯವನ್ನು ಕಿಟಕಿ ಸೀಟಿನವರಿಂದ ಹಿಡಿದು ಡ್ರೈವರ್‌ವರೆಗೆ ಎಲ್ಲರಿಗೂ ವಿವರವಾಗಿ ತಿಳಿಸಿದೆ. ಆ ಬಸ್ಸಿನಲ್ಲಿ ನಮ್ಮೂರಿನವರೂ ಇದ್ದರು.

ಅಷ್ಟರಲ್ಲಿ ಯುಗಾದಿ ಬಂತು. ಅದಕ್ಕೆ ಎರಡು ದಿನ ಮುಂಚೆ ಹೊಸೂರು ಸಂತೆಯಲ್ಲಿ ನನ್ನ ಅಪ್ಪ ಎದುರಾದರು. ಮದುವೆಯಾದಾಗಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದು ವರ್ಷದ ಹತ್ತಿರ ಹತ್ತಿರ. ಅವತ್ತು ಹುಣಸೆಹಣ್ಣಿನ ಮೂಟೆಯ ಪಕ್ಕ ನಿಂತು, ನನ್ನ ಮುಖ ನೋಡದೆ ಮೂಟೆಯನ್ನೇ ನೋಡುತ್ತಾ ಅಂದರು:

"ವರ್ಸ್ತೊಡ್ಕಿನ ದಿನ ನಿನ್ ಮನೆಗೆ ಬತ್ತೀನಿ ಕಣ್ಲಾ. ಮದ್ಯಾನುಕ್ಕೆ. ಅಲ್ಲೇ ಉಣ್ತೀನಿ."

ನನ್ನ ಕಣ್ಣಲ್ಲಿ ನೀರು ಬಂತು. ವರ್ಷತೊಡಕು ಎಂದರೆ ಯುಗಾದಿಯ ಮಾರನೆಯ ದಿನ. ನಮ್ಮ ಸೀಮೆಯಲ್ಲಿ ಅವತ್ತು ಬಾಡೂಟ ಮಾಡದ ಮನೆಯಿಲ್ಲ. ಅವತ್ತು ಏನು ಉಣ್ಣುತ್ತೇವೋ ವರ್ಷವೆಲ್ಲ ಅದೇ ಸಿಗುತ್ತದೆ ಎಂಬ ನಂಬಿಕೆ ಬೇರೆ. ಅಂಥ ದಿನ ನನ್ನಪ್ಪ ನನ್ನ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ!

ಯುಗಾದಿಯ ದಿನ ಆರೋಗ್ಯಮೇರಿ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬೇವು ಬೆಲ್ಲ ಕೊಟ್ಟು, ಒಬ್ಬಟ್ಟು ಬಡಿಸಿದಳು. ಆರನೇ ಒಬ್ಬಟ್ಟು ಮುಗಿಸಿ ನಾನು ಗಂಭೀರವಾಗಿ ಘೋಷಿಸಿದೆ: "ನಾಳೆ ಅಪ್ಪ ಬರ್ತಾರೆ. ಮಟನ್ ಸಾರು ಆಗಬೇಕು."

ಅಪ್ಪ ಬರುತ್ತಾರೆ ಎಂದಾಗ ಅವಳ ಮುಖ ಅರಳಿತು. ಮಟನ್ ಎಂದಾಗ ಮುದುಡಿತು.

"ಏಂಗ," ಎಂದಳು, ನಮ್ಮ ‘ರೀ’ಗೆ ಅವಳ ತಮಿಳು ಅದು. "ಮಾವ ಬರ್ತಾರಂದ್ರೆ ನಂಗೂ ಆಸೆನೇ. ಮುದ್ದೆ ಮಾಡ್ತೀನಿ, ಹುರುಳಿಕಾಳು ಬಸ್ಸಾರು ಮಾಡ್ತೀನಿ, ಪಾಯಸ ಮಾಡ್ತೀನಿ. ಮಾಂಸ ಮಾತ್ರ ಈಗ ನಾನು ಮುಟ್ಟಲ್ಲ. ದೇವ್ರಿಗೆ ಮಾತು ಕೊಟ್ಟಿದೀನಲ್ಲ?"

"ಒಪ್ಪಂದ ಮರೆತೆಯಾ? ನನ್ನ ಹಬ್ಬಕ್ಕೆ ನೀನು ಅಡ್ಡಿ ಬರಬಾರದು!"

"ಅಡ್ಡಿ ಎಲ್ಲಿ ಬಂದೆ? ನೀವು ತಿನ್ನಿ. ನಾನೇ ಬೇಯಿಸ್ತೀನಿ ಅಂತ ಟೀ ಅಂಗಡೀಲಿ ಹೇಳಿದ್ನಾ?"

ಲೆಕ್ಕದ ಟೀಚರ್! ಒಪ್ಪಂದದ ಒಳಗಿನ ಸಂದು ಅವಳಿಗಲ್ಲದೆ ಯಾರಿಗೆ ಕಾಣಬೇಕು? ನನಗೆ ಮೈಯೆಲ್ಲ ಉರಿಯಿತು. ಮಾವನಿಗಿಂತ ಉಪವಾಸ ಹೆಚ್ಚೇ? ನೀವೇ ನ್ಯಾಯ ಹೇಳಿ. ಬೇಡ, ಈಗಲೇ ಹೇಳಬೇಡಿ.

"ಸರಿ! ನಾನೇ ಮಾಡ್ತೀನಿ," ಎಂದೆ. "ದಿನಕ್ಕೆ ಎಂಟು ಗಂಟೆ ಎಂಜಿನ್ ಜೋಡಿಸೋನು ಒಂದು ಸಾರು ಜೋಡಿಸಲಾರೆನಾ?"

"ಸರಿಂಗ. ಆದ್ರೆ ನನ್ನ ಒಲೆ ಬೇಡ, ನನ್ನ ಪಾತ್ರೆ ಬೇಡ," ಎಂದಳು. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನನಗೆ ಯಾರ ಉಪದೇಶವೂ ಬೇಕಿಲ್ಲ ಎಂದು ಕೈ ಅಡ್ಡ ಹಿಡಿದೆ. ಆ ಕೈಯನ್ನು ಅವತ್ತೇ ಮುರಿದುಕೊಂಡಿದ್ದರೆ ಒಳ್ಳೆಯದಿತ್ತು.

ಮಾರನೆಯ ದಿನ ರಜೆ ಹಾಕಿದೆ. ನಾವಿದ್ದ ಅವಲಪಲ್ಲಿಯಲ್ಲಿ ಹುಣಸೆಮರದ ಕೆಳಗೆ ಕುರಿ ಕುಯ್ದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಿದ್ದರು. ಬೆಳಗಿನ ಜಾವವೇ ಹೋಗಬೇಕಂತೆ. ನಾನು ಕಾಫಿ ಕುಡಿದು, ಗಡ್ಡ ಬೋಳಿಸಿಕೊಂಡು, ಕುಂಕುಮ ಇಟ್ಟುಕೊಂಡು ಎಂಟೂವರೆಗೆ ಹೋದೆ. ಉಳಿದಿದ್ದು ಒಂದೇ ಗುಡ್ಡೆ. ಅದು ಯಾವ ಕುರಿಯದೋ ಕಾಣೆ. ಬಹುಶಃ ನನಗಿಂತ ಹಿರಿದು.

ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟೆ. ಸ್ನಾನಕ್ಕೆ ನೀರು ಕಾಯಿಸುವ ಅಲ್ಯೂಮಿನಿಯಂ ಪಾತ್ರೆಯೇ ನನ್ನ ಪಾಲಿನ ಪಾತ್ರೆ. ಈರುಳ್ಳಿ ಹೆಚ್ಚುವಾಗ ಅತ್ತೆ. ಮಸಾಲೆ ಅರೆಯುವಾಗ ಮೆಣಸಿನಕಾಯಿ ಕೈಯಲ್ಲೇ ಕಣ್ಣೊರೆಸಿಕೊಂಡು ಮತ್ತೆ ಅತ್ತೆ. ಆರೋಗ್ಯಮೇರಿ ಒಳಗಿನಿಂದ, "ಏಂಗ, ತಣ್ಣೀರು ಕೊಡ್ಲಾ?" ಎಂದು ಕೇಳಿದಳು. "ಬೇಡ!" ಎಂದೆ. ಕಣ್ಣು ಕಾಣದಿದ್ದರೂ ಮಾನ ಮುಖ್ಯ.

ಹನ್ನೊಂದಾಯಿತು, ಮಾಂಸ ಬೇಯಲಿಲ್ಲ. ಮೆತ್ತಗಾಗಲಿ ಎಂದು ತೆಂಗಿನ ಚಿಪ್ಪಿನ ಚೂರು ಹಾಕಿದೆ. ಹನ್ನೆರಡಾಯಿತು. ಚಿಪ್ಪು ಬೆಂದಿರಬಹುದು, ಮಾಂಸ ಬೇಯಲಿಲ್ಲ. ಆಗ ನನಗೆ ಕ್ಯಾಂಟೀನಿನ ಅಡುಗೆಯವರು ಕಡಲೆ ಬೇಯಿಸಲು ಸೋಡಾ ಹಾಕುವುದು ನೆನಪಾಯಿತು. ಒಳಗೆ ಹೋಗಿ ಕೇಳಿದರೆ ಅವಳೆದುರು ಸೋತಂತೆ. ಬಚ್ಚಲಿನ ಗೂಡಿನಲ್ಲಿ ಡಬ್ಬಿಯಲ್ಲಿ ಬಿಳಿ ಪುಡಿ ಇತ್ತು. ಮೇಲೆ ತಮಿಳಿನಲ್ಲಿ "ಸೋಡಾ" ಎಂದೇ ಅವಳ ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಇದಕ್ಕಿಂತ ಸಾಕ್ಷಿ ಬೇಕೆ? ಧಾರಾಳವಾಗಿ ಎರಡು ಹಿಡಿ ಹಾಕಿದೆ.

ಅದು ಬಟ್ಟೆ ಒಗೆಯುವ ಸೋಡಾ!

ಸಾರಿನಲ್ಲಿ ಟೊಮೆಟೊ ಇತ್ತು, ಹುಣಸೆಹುಳಿಯೂ ಇತ್ತು. ಎರಡೂ ಸೇರಿ ಸೋಡಾದ ಮೇಲೆ ಯುದ್ಧ ಸಾರಿದವು. ಪಾತ್ರೆಯಿಂದ ಮೊದಲು ಬುಸ್ ಎಂಬ ಸದ್ದು ಬಂತು. ಆಮೇಲೆ ಕೆಂಪು ನೊರೆ. ನಾನು ಮುಚ್ಚಳ ಒತ್ತಿ ಹಿಡಿದೆ. ನೊರೆ ಮುಚ್ಚಳವನ್ನೂ ನನ್ನನ್ನೂ ಎತ್ತಿಕೊಂಡು ಹೊರಟಿತು. ಒಲೆ ಅರ್ಧ ಆರಿ, ಹಿತ್ತಲ ತುಂಬ ಬೂದಿ ಬೆರೆತ ಹೊಗೆ ಎದ್ದು, ನೆಟ್ಟಗೆ ಪಕ್ಕದ ಗೋಡೆ ದಾಟಿತು.

ಗೋಡೆಯಾಚೆ ನಮ್ಮ ಬಾಡಿಗೆ ಮನೆಯ ಒಡತಿ ಪದ್ಮಮ್ಮನವರು ಸಂಡಿಗೆ ಒಣಹಾಕಿದ್ದರು. ಅವರು ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಶುದ್ಧ ಶಾಕಾಹಾರಿಗಳು. ಆರೋಗ್ಯಮೇರಿಯ ನಲವತ್ತು ದಿನದ ವ್ರತ ನೋಡಿ, ಆ ಹುಡುಗಿ ನಮ್ಮವಳ ಥರಾನೇ ಎಂದು ಬೀದಿಯೆಲ್ಲ ಹೊಗಳಿದ್ದರು. ಈಗ ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮ ಹಿತ್ತಲಿಗೆ ನುಗ್ಗಿದರು.

"ಅಯ್ಯೋ ರಾಮಾ! ಇದೇಮಿ ಘೋರಂ! ನಾಲ್ಕು ಸೇರು ಅಕ್ಕಿ ಸಂಡಿಗೆ ಮೇಲೆಲ್ಲ ಮಾಂಸದ ಹೊಗೆ! ಆ ಯಮ್ಮ ಯೇಸು ಸಾಮಿ ಹೆಸ್ರಲ್ಲಿ ಸೊಪ್ಪು ತಿಂದ್ಕೊಂಡು ವ್ರತ ಮಾಡ್ತಾವ್ಳೆ. ಹಣೆಗೆ ಕುಂಕುಮ ಇಟ್ಕೊಂಡು ನೀನೇನಪ್ಪಾ ಇದು?"

ನನಗೆ ಸಿಟ್ಟು ನೆತ್ತಿಗೇರಿತು. "ಇದು ನಮ್ಮ ಹಬ್ಬ ಕಣಮ್ಮಾ! ಹಿಂದೂಗಳ ಹಬ್ಬ!"

"ನಾನೂ ಹಿಂದೂನೇ. ನಾನು ಬೇಯಿಸ್ತಾ ಇದ್ದೀನಾ?"

ಅಷ್ಟರಲ್ಲೇ ಹಿಂದಿನಿಂದ ಕೆಮ್ಮಿನ ಸದ್ದು ಕೇಳಿತು. ತಿರುಗಿದರೆ ಅಪ್ಪ! ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ರಾಗಿಯ ಚೀಲ. ಒಂದು ವರ್ಷದ ಮೇಲೆ ಮಗನ ಮನೆಗೆ ಬಂದ ತಂದೆಗೆ ಕಂಡದ್ದು ಮೊಣಕಾಲವರೆಗೆ ಕೆಂಪು ನೊರೆಯಲ್ಲಿ ನಿಂತ, ಕಣ್ಣು ಊದಿದ ಮಗ.

"ಏನ್ಲಾ ಇದು? ಬಣ್ಣದ ಅಂಗಡಿ ಮಡಗಿದೀಯಾ?"

"ಮಟನ್ ಸಾರು, ಅಪ್ಪ. ನಿಮಗೇ. ಇವಳು ಮಾಡಲ್ಲ ಅಂದಳು. ನಿಮ್ಮ ಸೊಸೆಗೆ ನಿಮಗಿಂತ ಅವಳ ವ್ರತ ದೊಡ್ಡದಾಯ್ತು!" ಎಂದು ದೂರು ಕೊಟ್ಟೆ. ಈಗಲಾದರೂ ನನ್ನ ಕಡೆ ಒಬ್ಬ ನ್ಯಾಯವಂತ ಬಂದನಲ್ಲ ಎಂದು ಎದೆ ತುಂಬಿ ಬಂತು.

ಅಪ್ಪ ಚೀಲ ಕೆಳಗಿಟ್ಟರು. "ನಾನು ಬಾಡು ತಿಂತೀನಿ ಅಂತ ನಿಂಗ್ಯಾರ್ಲಾ ಏಳಿದ್ದು?"

"ವರ್ಷತೊಡಕಿಗೆ ಬರ್ತೀನಿ ಅಂದ್ರಲ್ಲ?"

"ಬತ್ತೀನಿ ಅಂದೆ. ಬಾಡು ಅಂದ್ನಾ? ನಾನು ಬಾಡು ಬುಟ್ಟು ಒಂದ್ ವರ್ಸ ಆಗ್ತಾ ಬಂತು. ನೀನು ಏಳ್ದೆ ಕೇಳ್ದೆ ಮದ್ವೆ ಆದ್ಯಲ್ಲ, ಅವತ್ತು ತಿರುಪತಿ ಸಾಮಿಗೆ ಅರಕೆ ಕಟ್ಕಂಡೆ. ನನ್ ಮಗುಂಗೆ ಬುದ್ಧಿ ಬರಾಗಂಟ ಬಾಡು ಮುಟ್ಟಾಕಿಲ್ಲ ಅಂತ. ಇವತ್ತು ಊರ್ ತುಂಬಾ ಬಾಡಿನ ವಾಸ್ನೆ. ನಿಮ್ಮವ್ವ ಬೇರೆ ಬೆಳಿಗ್ಗೆಯಿಂದ ಮಸಾಲೆ ಉರೀತಾವ್ಳೆ. ಇದ್ನ ತಡ್ಕಳಾಕಾಗಾಕಿಲ್ಲ ಅಂತ ಮೊದ್ಲೇ ಗೊತ್ತಿತ್ತು ಕಣ್ಲಾ! ನಿನ್ ಮನೇಲಿ ಮೂರು ವಾರದಿಂದ ಬರೀ ಸೊಪ್ಪು ಅಂತ ಬಸ್ನಾಗೆಲ್ಲ ಸಾರಿದ್ಯಂತೆ. ಸರಿ, ಅಲ್ಗಾದ್ರೂ ಓಗಾನ ಅಂತ ಬಂದ್ರೆ..."

ಅಪ್ಪ ಪಾತ್ರೆಯತ್ತ ಕೈ ತೋರಿಸಿದರು. ಪಾತ್ರೆ ಇನ್ನೊಮ್ಮೆ ಬುಸ್ ಎಂದಿತು.

ಆರೋಗ್ಯಮೇರಿ ಚೊಂಬಿನಲ್ಲಿ ನೀರು ತಂದು ಬಾಗಿಲಲ್ಲಿ ನಿಂತಿದ್ದಳು. ಅವರಿಬ್ಬರೂ ಮುಖಾಮುಖಿಯಾಗಿದ್ದು ಅದೇ ಮೊದಲು.

"ಕಾಲಿಗೆ ನೀರು, ಮಾವ."

ಅಪ್ಪ ಅವಳನ್ನು ಒಂದು ಗಳಿಗೆ ನೋಡಿದರು. "ಎಷ್ಟು ದಿನದ ಅರಕೆನಮ್ಮ ನಿಂದು?"

"ನಲವತ್ತು ದಿನ, ಮಾವ. ಇನ್ನೂ ಎರಡೂವರೆ ವಾರ ಇದೆ."

"ಮೊಟ್ಟೆನೂ ಇಲ್ವಾ?"

"ಇಲ್ಲ, ಮಾವ."

"ಕಷ್ಟ ಕಣಮ್ಮ," ಎಂದರು ಅಪ್ಪ, ಅನುಭವಸ್ಥರ ದನಿಯಲ್ಲಿ. "ಅದ್ರಾಗೂ ಎದುರುಗಡೆ ಕುಂತ್ಕಂಡು ಯಾರಾನ ತಿಂತಾ ಇದ್ರೆ ಬಲು ಕಷ್ಟ." ಕಾಲು ತೊಳೆದು ಒಳಗೆ ಹೋದರು.

ಮಗನ ಬುದ್ಧಿಗೆ ಹರಕೆ ಕಟ್ಟಿಕೊಳ್ಳಲು ಕಾರಣಳಾದವಳು ಯಾರು? ಅವಳೇ! ಈಗ ಅವಳ ಜೊತೆ ಕೂತು ಹರಕೆಯ ಕಷ್ಟಸುಖ ಮಾತಾಡುವವರು ಯಾರು? ನನ್ನ ಅಪ್ಪ! ನಾನು ಹಿತ್ತಲಲ್ಲಿ ನೊರೆ ಬಳಿಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಅಪ್ಪ ಎರಡು ಮುದ್ದೆ ನುಂಗಿದರು. ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡರು. ಸಂಡಿಗೆ ಹೋದ ದುಃಖದಲ್ಲಿದ್ದ ಪದ್ಮಮ್ಮನವರಿಗೂ ಪಾಯಸ ಸಿಕ್ಕಿತು.

"ಮಾವ, ಅವರು ಪಾಪ ಬೆಳಿಗ್ಗೆಯಿಂದ ನಿಮಗೋಸ್ಕರನೇ ಒದ್ದಾಡಿದ್ರು," ಎಂದು ಆರೋಗ್ಯಮೇರಿ ನನ್ನ ಪರ ಒಂದು ಮಾತು ಆಡಿದ್ದೂ ಕೇಳಿಸಿತು. ನನಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪ ಮಾತ್ರ.

"ಕಂಡೆ ಬುಡಮ್ಮ," ಎಂದರು ಅಪ್ಪ. "ಅದ್ಕೇ ಏಳ್ತಾ ಇವ್ನಿ. ಆ ಪಾತ್ರೆ ನೋಡಿದ್ ಮ್ಯಾಗೆ ಗ್ಯಾರಂಟಿ ಆಯ್ತು. ಈ ಜನ್ಮದಾಗೆ ನಾನು ಬಾಡು ತಿನ್ನಂಗಿಲ್ಲ!"

ಒಳಗೆ ಮೂವರೂ ನಕ್ಕರು. ಆರೋಗ್ಯಮೇರಿಯ ನಗುವೇ ಎಲ್ಲಕ್ಕಿಂತ ಜೋರಾಗಿತ್ತು. ವರ್ಷದಿಂದ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಮಾವ ಮಾತಾಡುವುದಿಲ್ಲ ಎಂಬ ಕೊರಗು ನನಗಿಂತ ಅವಳಿಗೇ ಹೆಚ್ಚಾಗಿ ಕಾಡಿತ್ತೆಂದು ಅವತ್ತೇ ನನಗೆ ತಿಳಿದದ್ದು.

ನನ್ನ ಪಾಲಿಗೆ ಉಳಿದಿದ್ದು ಅರ್ಧ ಮುದ್ದೆ, ಬಸ್ಸಾರಿನ ತಳ. ಅದನ್ನು ಉಂಡೆ. ವರ್ಷತೊಡಕಿನ ದಿನ ಉಂಡದ್ದೇ ವರ್ಷವೆಲ್ಲ ಸಿಗುತ್ತದೆ ಎಂಬ ಹಿರಿಯರ ನಂಬಿಕೆಯನ್ನು ಅವತ್ತೇ ಕೈಬಿಟ್ಟೆ.

ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು, ನನ್ನನ್ನು ದಾಟಿ ಅವಳನ್ನು ಕೇಳಿದರು: "ನಿನ್ ಅರಕೆ ಮುಗ್ಯಾ ದಿನ ಅದೇನೋ ಅಬ್ಬ ಅಂದ್ಯಲ್ಲಮ್ಮ?"

"ಈಸ್ಟರ್, ಮಾವ. ಭಾನುವಾರ."

"ಅವತ್ತು ನಿಮ್ ಪೂಜೆ ಮುಗಿಸ್ಕಂಡು ಊರಿಗ್ ಬಂದ್ಬುಡು. ಒಂದು ಉಂಜ ಸಾಕೀವ್ನಿ. ನಾನು ತಿನ್ನಂಗಿಲ್ದಿದ್ರೂ ನೀನು ತಿನ್ನಾದು ನೋಡ್ತೀನಿ."

"ನಾನು?" ಎಂದೆ.

"ನೀನೂ ಬಾ. ಉಂಜ ಇಡ್ಯಾಕೆ ಒಂದಾಳು ಬೇಕಲ್ಲ."

ಎಂಥ ಅವಮಾನ! ಆದರೂ ಹೋದೆ. ಈಸ್ಟರ್ ಭಾನುವಾರ ಉದ್ದನಪಲ್ಲಿಯ ನಮ್ಮ ಕಣದಲ್ಲಿ ಆ ಹುಂಜದ ಹಿಂದೆ ಮುಕ್ಕಾಲು ಗಂಟೆ ಓಡಿದೆ. ಹುಲ್ಲಿನ ಮೆದೆ ಹತ್ತಿದೆ, ತಿಪ್ಪೆಗೆ ಇಳಿದೆ, ಒಮ್ಮೆ ಅದರ ಬಾಲದ ಎರಡು ಗರಿ ಕೈಗೆ ಸಿಕ್ಕಿತು. ಊರಿಗೆ ಊರೇ ನಿಂತು ನೋಡಿತು.

ಕೊನೆಗೆ ಹುಂಜವನ್ನು ಹಿಡಿದವಳು ಆರೋಗ್ಯಮೇರಿ. ಹಿಡಿ ರಾಗಿ ಚೆಲ್ಲಿ, ಬಾ ಬಾ ಅಂದಳು. ಬಂತು!