ಕಬ್ಬೂರ ಮಾಸ್ತರರ ಏಳು ಸೀಸನ್ನಿನ ತಪಸ್ಸು

ಬಾಣಗಳೆಲ್ಲ ಮೊಂಡಾಗಿ ನಾಲಿಗೆಗಳೆಲ್ಲ ಹರಿತವಾದ ಯುಗವದು. ವೀರನಾದವನು ಕುದುರೆಯನ್ನು ಬಿಟ್ಟು ಸೋಫಾವನ್ನೇರಿದ ಯುಗ. ಅಂಥ ಯುಗದ ಮಹಾಪುರುಷನೊಬ್ಬನ ಪರಾಕ್ರಮವನ್ನು ಹಾಡಹೊರಟ ಈ ಕಥನಕಾರನಿಗೆ, ಹೇ ವಾಗ್ದೇವಿಯೇ, ನಗು ತಡೆದುಕೊಳ್ಳುವ ಶಕ್ತಿಯನ್ನಷ್ಟು ಕರುಣಿಸು.

ಕೆಂಪು ಮೆಣಸಿನಕಾಯಿಯ ಘಾಟಿನಿಂದ ದಶದಿಕ್ಕುಗಳನ್ನೂ ಸೀನಿಸುವ ಬ್ಯಾಡಗಿಯೆಂಬ ಪಟ್ಟಣದಲ್ಲಿ, ಒಂದು ಖಾಸಗಿ ಪ್ರೌಢಶಾಲೆಯ ಸಮಾಜವಿಜ್ಞಾನ ಸಿಂಹಾಸನಾಧೀಶ್ವರರೂ, ಸೀಮೆಸುಣ್ಣಚೂರ್ಣವಿಭೂಷಿತರೂ, ಇಪ್ಪತ್ತಾರು ವರ್ಷ ಒಂದೇ ನೋಟ್ಸನ್ನು ಬರೆಯಿಸಿಯೂ ನಾಚದ ಅಚಲಧೈರ್ಯರೂ ಆದ ಮುರಿಗೆಪ್ಪ ಕಬ್ಬೂರ ಮಾಸ್ತರರು ವಿರಾಜಿಸುತ್ತಿದ್ದರು. ಒಂದು ಸೋಮವಾರ ಅವರು ಸ್ಟಾಫ್‌ರೂಮಿನ ನಡುವೆ ನಿಂತು, "ಲೆಟ್ ಅಸ್ ಡಿಸ್ಕಸ್ ಅಬೌಟ್ ಟೈಮ್‌ಟೇಬಲ್!" ಎಂದು ಗರ್ಜಿಸಿದರು.

"ಡಿಸ್ಕಸ್ ಮುಂದ ಅಬೌಟ್ ಬರೂದಿಲ್ರೀ ಸರ," ಎಂದರು ಇಂಗ್ಲಿಷ್ ಟೀಚರ್ ಸುನಂದಾ ನವಲಗುಂದ, ತಿದ್ದುತ್ತಿದ್ದ ಪೇಪರಿನಿಂದ ತಲೆಯನ್ನೂ ಎತ್ತದೆ.

ಯಾರೋ ಕಿಸಕ್ಕೆಂದರು. ಆ ಕಿಸಕ್ಕು ಮಾಸ್ತರರ ವಿಶಾಲವಕ್ಷದಲ್ಲಿ ಬ್ರಹ್ಮಾಸ್ತ್ರವಾಗಿ ನಾಟಿತು. ಕಣ್ಣು ಕೆಂಡವಾಗಿ, ಕಿವಿ ಅದಕ್ಕಿಂತ ಕೆಂಪಾಗಿ, ಅವರು ಮೇಜು ಗುದ್ದಿದರು.

"ಕೇಳ್ರೀ ಎಲ್ಲಾರೂ! ನಿಮ್ಮ ಗ್ರಾಮರ್ ಪುಸ್ತಕ ನಿಮಗ ಇರ್ಲಿ. ನಾ ಸೀದಾ ಇಂಗ್ಲಿಷ್ ಸೀರಿಯಲ್ ನೋಡಿ ಅಡ್ವಾನ್ಸ್ಡ್ ಇಂಗ್ಲಿಷ್ ಕಲೀತೀನಿ! ಬರೂ ತಿಂಗಳ ಸ್ಕಾಟ್‌ಲೆಂಡಿನಿಂದ ಗೆಸ್ಟ್ ಬರ್ತಾರಲ್ಲ, ಅವರ ಕೂಡ ಮಾತಾಡಾಂವ ನಾನ!"

"ಚಲೋ ಆತ್ ಬಿಡ್ರಿ. ಅವತ್ತ ನಾ ಮ್ಯಾಲಿನ ರೂಮಿನ್ಯಾಗ ಕುಂತು ಪೇಪರ್ ಮುಗಸ್ತೀನಿ," ಎಂದರು ಸುನಂದಾ. ಹೀಗೆ ಶತ್ರುಪಕ್ಷ ರಣರಂಗವನ್ನೇ ಬಿಟ್ಟುಕೊಟ್ಟಿತು. ಮಾಸ್ತರರು ಇದನ್ನೂ ತಮ್ಮ ಮೊದಲ ಜಯವೆಂದೇ ಬಗೆದರು.

ಅಂದಿನಿಂದ ಆರಂಭವಾಯಿತು ಘೋರ ತಪಸ್ಸು. ಸೋಫಾದ ಮೇಲೆ ಪದ್ಮಾಸನ, ತೊಡೆಯ ಮೇಲೆ ಚುರುಮುರಿ, ಎದುರಿಗೆ ಅಮೆರಿಕದ ಪೊಲೀಸರು, ವಕೀಲರು, ಕೊಲೆಗಡುಕರು. ಏಳು ಸೀಸನ್ನುಗಳನ್ನು ಅವರು ಏಳು ಸಮುದ್ರಗಳಂತೆ ದಾಟಿದರು. ಪಾತ್ರಗಳು ಆಡಿದ್ದನ್ನು ಕೇಳಿ ಅಲ್ಲ, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಬ್‌ಟೈಟಲ್ ಓದಿ. ಆ ಇಡೀ ತಿಂಗಳು ಅವರ ಕಿವಿಗಳೆರಡೂ ರಜೆಯ ಮೇಲಿದ್ದವು.

ಬಟ್ಟೆ ಮಡಚುತ್ತ ಕೂತಿದ್ದ ಹೆಂಡತಿ ಈರವ್ವನಿಗೆ ಇದು ಮೂರನೇ ದಿನಕ್ಕೇ ಗೊತ್ತಾಗಿತ್ತು. "ಅಲ್ರೀ, ಓದಿ ಕಲಿಯೂದಾದ್ರ ಪುಸ್ತಕ ಏನ್ ಪಾಪ ಮಾಡಿತ್ತು?"

"ಅಬ್ಜೆಕ್ಷನ್ ಓವರ್‌ರೂಲ್ಡ್!" ಎಂದು ಮಾಸ್ತರರು ತೀರ್ಪಿತ್ತರು. ಈರವ್ವನಿಗೆ ಅದು ಬೈಗುಳದಂತೆ ಕೇಳಿಸಿ ಆ ಹೊತ್ತಿನ ಚಹಾ ಬರಲಿಲ್ಲ.

ಬಂತು ಮಹಾಸಂಗ್ರಾಮದ ದಿನ. ಅತಿಥಿ ಮ್ಯಾಕ್‌ಲೀನ್, ನೀಳಕಾಯದ ನಿವೃತ್ತ ಶಿಕ್ಷಕರು, ಹೆಡ್‌ಮಾಸ್ತರರ ಕೋಣೆಯಲ್ಲಿ ಹಾರ ಹಾಕಿಸಿಕೊಂಡು ಕುಳಿತರು. ಈರವ್ವ ಬೆಳಿಗ್ಗೆ ಎದ್ದು ಮಾಡಿ ತಂದಿದ್ದ ಶೇಂಗಾ ಹೋಳಿಗೆಯ ತಟ್ಟೆಯನ್ನು ಅವರ ಕೈಗಿತ್ತಳು. ಅವರು ಅದನ್ನು ಮೂಸಿ, ಮಾಸ್ತರರತ್ತ ತಿರುಗಿ ಏನೋ ಕೇಳಿದರು.

ತಗಡಿನ ಮೇಲೆ ಜಲ್ಲಿ ಸುರಿದಂತೆ ಕೇಳಿಸಿತು. ಮಾಸ್ತರರ ಕಣ್ಣು, ತಿಂಗಳ ಅಭ್ಯಾಸಬಲದಿಂದ, ಅಕ್ಷರಗಳನ್ನು ಅರಸಿ ಅತಿಥಿಯ ಎದೆಯ ಕೆಳಗಿಳಿಯಿತು. ಅಲ್ಲಿದ್ದವು ಅಂಗಿಯ ಎರಡು ಗುಂಡಿಗಳು. ಏನೋ ಬಿದ್ದಿದೆಯೆಂದು ಭಾವಿಸಿದ ಅತಿಥಿ ಅಂಗಿ ಕೊಡವಿಕೊಂಡರು. ಮತ್ತೆ ಕೇಳಿದರು, ಹೋಳಿಗೆಯನ್ನು ತೋರಿಸಿ, ಗಂಟಲು ಹಿಡಿದುಕೊಂಡು.

ಏಳು ಸೀಸನ್ನುಗಳ ಚತುರಂಗಬಲವನ್ನೇ ಮಾಸ್ತರರು ಮನದಲ್ಲೇ ಕೂಗಿ ಕರೆದರು. ನೆರವಿಗೆ ಬಂದವನು, ಕೊಲೆಗಡುಕನಿಗೆ ಕೋಳ ತೊಡಿಸುತ್ತಿದ್ದ ಒಬ್ಬನೇ ಪೊಲೀಸಿನವನು.

"ಯೂ ಹ್ಯಾವ್ ದ ರೈಟ್ ಟು ರಿಮೇನ್ ಸೈಲೆಂಟ್!"

ಅತಿಥಿ ಬಾಯಿ ತೆರೆದುಕೊಂಡೇ ಮೂಕರಾದರು. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು. "ಏನ್ ಇಂಗ್ಲಿಷ್ ಅಂತೀನಿ! ನಮಗೊಂದ್ ಅಕ್ಷರ ತಿಳೀಲಿಲ್ಲ!"

ಹೊಗಳಿಕೆಯ ಮದದಲ್ಲಿ ಮಾಸ್ತರರು ಹೋಳಿಗೆ ಮುರಿದು, "ಈಟ್!" ಎಂದು ಆಜ್ಞಾಪಿಸಿ, ಆ ತೆರೆದ ಬಾಯಿಗೇ ತುತ್ತೊಡ್ಡಿದರು. ಅತಿಥಿ ಕುರ್ಚಿಸಮೇತ ಹಿಂದೆ ಸರಿದರು.

"ಅಯ್ಯ, ಕೈ ತಗೀರಿ!" ಈರವ್ವ ನಡುವೆ ನುಗ್ಗಿದಳು. ಅತಿಥಿಯ ಕೈ ಗಂಟಲಿನಿಂದ ಇಳಿಯದ್ದನ್ನು ಅವಳು ಆಗಿನಿಂದ ನೋಡುತ್ತಿದ್ದಳು. ಹೂರಣವನ್ನು ಬೆರಳಲ್ಲಿ ಕೆದಕಿ, ಪುಡಿಯಾಗದೆ ಉಳಿದ ಒಂದು ಶೇಂಗಾ ಬೀಜ ಹೆಕ್ಕಿ ಅವರೆದುರು ಹಿಡಿದಳು. "ಇದ ಏನ್ರೀ?"

"ಯೆಸ್! ಯೆಸ್!" ಎಂದು ಕೂಗಿದ ಅತಿಥಿ, ಕುತ್ತಿಗೆ ಊದಿ ಉಸಿರುಗಟ್ಟುವುದನ್ನು ಅಭಿನಯಿಸಿ ತೋರಿಸಿದರು.

"ಶೇಂಗಾ ಅವರಿಗೆ ವಿಷ ಇದ್ದಂಗ! ಇನ್ನೊಂದ್ ಗಳಿಗಿ ಆಗಿದ್ರ ಕೊಂದ ಬಿಡ್ತಿದ್ರಿ," ಎಂದಳು ಈರವ್ವ. ಮಾಸ್ತರರ ಕೈಯಿಂದ ತುತ್ತು ಜಾರಿ ನೆಲಕ್ಕೆ ಬಿತ್ತು. ಅವರು ಬಗ್ಗಿ ಅದರ ಚೂರುಗಳನ್ನೆಲ್ಲ ಹೆಕ್ಕಿ ಜೇಬಿಗೆ ತುಂಬಿಕೊಂಡರು.

ಈ ಪ್ರಕಾರ, ಏಳು ಸೀಸನ್ನುಗಳ ಆ ದಿಗ್ವಿಜಯಯಾತ್ರೆಯ ಪರಮಫಲವಾಗಿ, ಅತಿಥಿ ಎರಡು ಬಾಳೆಹಣ್ಣು ತಿಂದರು. ಆಮೇಲೆ ಅವರು ಸಿಪ್ಪೆ ಕೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತ ಕೇಳಿದ್ದು ಮಾತ್ರ ಮಾಸ್ತರರಿಗೆ ಪೂರ್ತಿ ಅರ್ಥವಾಯಿತು. ಮುಂದೆ ಬಂದು, ಎರಡೂ ಕೈಯೊಡ್ಡಿ, ಸಿಪ್ಪೆ ಇಸಿದುಕೊಂಡರು.