ಒಂಬತ್ತನೇ ಸಾಲು

ಚದುರಂಗದ ಹಲಗೆಯಲ್ಲಿ ಅರವತ್ತನಾಲ್ಕು ಮನೆಗಳಿರುತ್ತವೆ ಎಂಬುದು ಹೊಸಪೇಟೆ ಸೀಮೆಯ ಮಟ್ಟಿಗೆ ಎರಡು ಸಾವಿರದ ಏಳನೇ ಇಸವಿಯವರೆಗೆ ಮಾತ್ರ ಸತ್ಯವಾಗಿತ್ತು. ಅಲ್ಲಿಂದೀಚೆಗೆ ಎಪ್ಪತ್ತೆರಡು. ಈ ಬದಲಾವಣೆ ಕ್ರಮಬದ್ಧವಾಗಿ, ಸಭೆ ಕರೆದು, ಚಹಾ ಕೊಟ್ಟು, ಸರ್ವಾನುಮತದಿಂದ ಆದದ್ದು. ಶಾಲಾ ಚದುರಂಗ ಉತ್ತೇಜನ ಸಮಿತಿಯ ಕಾರ್ಯದರ್ಶಿಯಾಗಿ ಇದಕ್ಕೆ ಸಹಿ ಹಾಕಿದವನು ಬಸವಕುಮಾರ್ ಎಂಬ ನಾನೇ ಆದ್ದರಿಂದ ವಿವರ ಕೊಡಲು ನನಗಿಂತ ಯೋಗ್ಯರು ಯಾರೂ ಇಲ್ಲ.

ಯೋಗ್ಯತೆಯ ಮಾತು ಬಂತು. ನಾನು ಗಾದಿಗನೂರು ಕಡೆಯ ಒಂದು ಶಾಲೆಯ ದೈಹಿಕ ಶಿಕ್ಷಕ. ಖೊಖೊ, ಕಬಡ್ಡಿ, ಆಗಸ್ಟ್ ಹದಿನೈದರ ಲೆಜಿಮ್ ನನ್ನ ವಿಷಯಗಳು. ಚದುರಂಗವೂ ಒಂದು ಆಟವೇ ಎಂದು ಮೇಲಿನವರು ತೀರ್ಮಾನಿಸಿದ ದಿನ, ಆಟ ಎಂದಮೇಲೆ ಕೊರಳಲ್ಲಿ ಸೀಟಿ ಇದ್ದವನೇ ನೋಡಿಕೊಳ್ಳಬೇಕೆಂದು ಹೆಡ್‌ಮಾಸ್ಟರು ನನ್ನನ್ನು ಮುಂದೆ ತಳ್ಳಿದರು. ಕುದುರೆ ಎರಡೂವರೆ ಮನೆ ಹೋಗುತ್ತದೆ ಎಂದು ಯಾರೋ ಹೇಳಿಕೊಟ್ಟರು. ಆ ಅರ್ಧ ಮನೆ ಹಲಗೆಯ ಮೇಲೆ ಎಲ್ಲಿದೆ ಎಂದು ನಾನು ಒಂದು ವಾರ ಹುಡುಕಿದೆ. ಕೊನೆಗೆ ಹಾಗೆಂದರೆ ಏನೆಂದು ತೋರಿಸಿಕೊಟ್ಟವಳು ಏಳನೇ ಕ್ಲಾಸಿನ ಹೇಮಾ.

ವರ್ಗವಾಗಿ ಹೋದ ಗಣಿತದ ಮೇಷ್ಟ್ರು ಬಿಟ್ಟುಹೋದ ಹಳೇ ಹಲಗೆಯಲ್ಲಿ ಅವಳು ಆಡಲು ಕಲಿತಿದ್ದಳು. ಶಾಲೆಯಲ್ಲಿ ಅವಳನ್ನು ಸೋಲಿಸುವವರು ಇರಲಿಲ್ಲ. ನಾನು ಹಲವು ಸಲ ಪ್ರಯತ್ನಿಸಿ, ಕೊನೆಗೆ ತರಬೇತುದಾರ ಎಂಬ ಪದವಿಯಲ್ಲಿ ತೃಪ್ತನಾದೆ. ನಮ್ಮ ಸಮಿತಿ ನಡೆಸುವ ಟೂರ್ನಮೆಂಟಿನಲ್ಲಿ ಗೆದ್ದವರು ಬಳ್ಳಾರಿಗೆ ಜಿಲ್ಲಾ ಮಟ್ಟಕ್ಕೆ ಹೋಗಬೇಕು. ಅಲ್ಲಿ ಆಡಿದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಹೈಸ್ಕೂಲು ಮುಗಿಯುವವರೆಗೆ ಊಟ, ಪುಸ್ತಕ. ಹೇಮಾಳ ತಾಯಿ ಎಲ್ಲಮ್ಮ ಅದಿರಿನ ಸ್ಟಾಕ್‌ಯಾರ್ಡಿನಲ್ಲಿ ಕಲ್ಲು ಒಡೆಯುತ್ತಿದ್ದಳು. ಒಂದು ದಿನ ಶಾಲೆಗೆ ಬಂದು ನೇರವಾಗಿ ಹೇಳಿದಳು:

"ಹಾಸ್ಟೆಲ್ ಸಿಕ್ರ ಓದ್ತಾಳ್ರಿ ಸರ. ಸಿಗಲಿಲ್ಲಂದ್ರ ಜೂನ್‌ದಿಂದ ನನ್ ಜೋಡಿ ಬರ್ತಾಳ. ಸಣ್ಣ ಸುತ್ತಿಗಿ ತಂದಿಟ್ಟೀನಿ."

ಸುತ್ತಿಗೆಯ ಅಗತ್ಯ ಬೀಳುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ. ಭರವಸೆ ಕೊಡುವುದರಲ್ಲಿ ನನ್ನ ಕೈ ಯಾವತ್ತೂ ಧಾರಾಳ.

ಇನ್ನು ಪ್ರಾಯೋಜಕರು. ಕಂಪ್ಲಿಯ ಕೊಟ್ರಯ್ಯನವರು, ಕೂಲಿಯವರ ಬಾಯಲ್ಲಿ ಸಾವ್ಕಾರ್ರು, ಮೂಲತಃ ಅಕ್ಕಿ ಗಿರಣಿಯವರು. ಸಂಡೂರು ಕಡೆ ಒಂದು ಗುಡ್ಡದ ಲೀಸು ಸಿಕ್ಕ ಮೇಲೆ ಅಕ್ಕಿಯನ್ನು ಊಟಕ್ಕೆ ಮಾತ್ರ ಬಳಸುತ್ತಿದ್ದರು. ಆ ವರ್ಷ ಚೀನಾದವರು ಒಲಿಂಪಿಕ್ಸಿಗೆ ಕ್ರೀಡಾಂಗಣ ಕಟ್ಟುತ್ತಿದ್ದರು, ಅದಕ್ಕೆ ನಮ್ಮ ಗುಡ್ಡಗಳು ಲಾರಿಯಲ್ಲಿ ಹೋಗುತ್ತಿದ್ದವು. ಕ್ರೀಡೆಗೆ ನಮ್ಮ ಸೀಮೆಯ ಕೊಡುಗೆ ಏನೂ ಇಲ್ಲ ಎನ್ನುವವರು ಸ್ವಲ್ಪ ಯೋಚಿಸಿ ಮಾತಾಡಬೇಕು. ಕೊಟ್ರಯ್ಯನವರ ಮಗ ಈಶ್ವರ್ ಹೊಸಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಚೆಸ್ ಕಲಿಯುತ್ತಿದ್ದ. ಮೆತ್ತನೆಯ, ಮರ್ಯಾದಸ್ಥ ಹುಡುಗ. ಈ ಗುಣ ಅವನಿಗೆ ಯಾರಿಂದ ಬಂತೆಂದು ಮನೆಯವರಿಗೂ ಗೊತ್ತಿರಲಿಲ್ಲ.

ಕೊಟ್ರಯ್ಯನವರು ಹಾಲ್ ಕೊಟ್ಟರು, ಆಟಗಾರರ ಸಮಯ ಅಳೆಯುವ ಗಡಿಯಾರ ಕೊಟ್ಟರು, ಕಾರ್ಯದರ್ಶಿಗೆ ಶೋಭಿಸಲೆಂದು ನೀಲಿ ಬ್ಲೇಜರ್ ಹೊಲಿಸಿಕೊಟ್ಟರು. ಬ್ಲೇಜರ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ನನಗೆ ನಾನೇ ನಮಸ್ಕಾರ ಮಾಡಬೇಕೆನಿಸಿತು.

"ಬೋರ್ಡು ದೊಡ್ಡದಿರ್ಬೇಕು ಮೇಷ್ಟ್ರೆ. ಹಿಂದ ಕುಂತೋರಿಗೂ ನನ್ ಮಗ ಆಡೋದು ಕಾಣಬೇಕು," ಎಂದು ಅವರು ಸೂಚಿಸಿದರು.

ಅದಿರು ಲಾರಿಗಳಿಗೆ ತಾಡಪತ್ರಿ ಹೊದಿಸಬೇಕೆಂಬ ನಿಯಮವಿತ್ತು. ನಿಯಮದಂತೆ ಅವರು ತಾಡಪತ್ರಿ ಕೊಂಡಿದ್ದರು. ಹೊದಿಸುವ ಆತುರ ಯಾರಿಗೂ ಇರಲಿಲ್ಲ. ಹಾಗಾಗಿ ಒಂದು ಹೊಚ್ಚಹೊಸ ಕಪ್ಪು ತಾಡಪತ್ರಿ ನಮಗೆ ಸಿಕ್ಕಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಮನೆಗಳನ್ನು ಬರೆಯುವ ಕೆಲಸ ನನ್ನದಾಯಿತು. ಗಣಿತದ ಮೇಷ್ಟ್ರು ಇಲ್ಲದ್ದರಿಂದ ಲೆಕ್ಕವನ್ನೂ ನಾನೇ ಹಾಕಿದೆ. ಒಂದು ತುದಿಯಿಂದ ಶುರುಮಾಡಿ ಎಂಟು ಸಾಲು ಬರೆದು, ಸುತ್ತ ಗೆರೆ ಎಳೆದು ಮುಗಿಸಿದಾಗ ಇನ್ನೊಂದು ತುದಿಯಲ್ಲಿ ಸರಿಯಾಗಿ ಒಂದು ಸಾಲಿನಷ್ಟು ಬರೀ ತಾಡಪತ್ರಿ ಉಳಿಯಿತು. ಕತ್ತರಿಸೋಣವೆಂದು ಕತ್ತರಿ ತಂದೆ. ಹೊಸ ಮಾಲು, ಮನಸ್ಸು ಬರಲಿಲ್ಲ.

ಫೈನಲ್ ಸಂಡೂರು ರಸ್ತೆಯ ಪಕ್ಕದ ಆ ಹಾಲಿನಲ್ಲಿ. ಹೇಮಾ ಒಂದು ಕಡೆ, ಈಶ್ವರ್ ಇನ್ನೊಂದು ಕಡೆ. ಮೊಣಕಾಲೆತ್ತರದ ಮರದ ಕಾಯಿಗಳು. ಈಶ್ವರನ ಬೆನ್ನ ಹಿಂದೆ, ಉಳಿದ ಆ ಬರೀ ಸಾಲಿನ ಆಚೆ, ತಾಡಪತ್ರಿಯ ಅಂಚಿಗೇ, ಕೊಟ್ರಯ್ಯನವರ ಕುರ್ಚಿ. ಕಿಟಕಿಗಳಿಗೆ ಬಾಗಿಲಿರಲಿಲ್ಲ. ಹೊರಗೆ ಒಂದರ ಹಿಂದೊಂದು ಲಾರಿ, ಪ್ರತಿ ಲಾರಿಯೂ ತನ್ನ ಪಾಲಿನ ಕೆಂಪು ಧೂಳನ್ನು ಒಳಗೆ ಕಳಿಸಿ ಮುಂದೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಳಿ, ಕರಿ ಎಂಬ ಭೇದವೇ ಹೋಗಿ ಮನೆ, ಕಾಯಿ, ಆಟಗಾರರು, ನನ್ನ ಬ್ಲೇಜರ್, ಎಲ್ಲ ಒಂದೇ ಬಣ್ಣಕ್ಕೆ ಬಂದೆವು. ನಾನು ಮೈಕಿನಲ್ಲಿ ಪ್ರಕಟಣೆ ಕೊಟ್ಟೆ: "ಆಟಗಾರರು ತಮ್ಮ ತಮ್ಮ ಕಾಯಿಗಳನ್ನು ಮಾತ್ರ ಒರೆಸಿಕೊಳ್ಳತಕ್ಕದ್ದು. ಎದುರಾಳಿಯ ಕಾಯಿಯನ್ನು ಒರೆಸಿದಲ್ಲಿ ಅದನ್ನು ಸೇವೆ ಎಂದು ಪರಿಗಣಿಸಲಾಗುವುದೇ ಹೊರತು ನಡೆ ಎಂದಲ್ಲ."

ಆಟ ಕಾವೇರಿತು. ಈಶ್ವರನ ರಾಜ ಕೊನೇ ಸಾಲಿನಲ್ಲಿ, ಅವನ ಮುಂದೆ ಅವನದೇ ಮೂರು ಸಿಪಾಯಿಗಳು ಗೋಡೆಯಂತೆ ನಿಂತಿದ್ದರು. ಹೇಮಾ ಒಮ್ಮೆ ನನ್ನ ಮುಖ ನೋಡಿದಳು. ಎರಡೂ ಕೈಯಿಂದ ಆನೆಯನ್ನು ಎತ್ತಿಕೊಂಡು ಹೋಗಿ ಅದೇ ಕೊನೇ ಸಾಲಿನಲ್ಲಿ ಇಟ್ಟಳು. ರಾಜ ಮುಂದೆ ಹೋಗುವಂತಿಲ್ಲ, ಪಕ್ಕಕ್ಕೆ ಹೋಗುವಂತಿಲ್ಲ. ಚೆಕ್‌ಮೇಟ್. ಇಷ್ಟು ನನಗೂ ಅರ್ಥವಾಗುತ್ತಿತ್ತು, ಅವಳೇ ಕಲಿಸಿದ್ದಳು. ಈಶ್ವರ್ ನಕ್ಕು, ಕೈಕುಲುಕಲು ಕೈ ಮುಂದೆ ಚಾಚಿದ. ನನ್ನ ಎದೆ ಹಿಗ್ಗಿತು, ಬ್ಲೇಜರಿನ ಗುಂಡಿ ಅದನ್ನು ತಡೆಯಿತು.

"ಏ ತಮ್ಮಾ, ತಡಿ," ಎಂದರು ಕೊಟ್ರಯ್ಯನವರು. "ಹಿಂದ ಜಾಗ ಐತಲ್ಲ."

"ಅದು ಬೋರ್ಡಲ್ಲಪ್ಪಾ," ಎಂದ ಈಶ್ವರ್.

"ಯಾರಂದ್ರು? ತಾಡಪತ್ರಿ ಎಲ್ಲಿತನ ಐತೋ ಅಲ್ಲಿತನ ಬೋರ್ಡು. ಇಲ್ಲಾಂದ್ರ ಗೆರಿ ತೋರಿಸ್ರಿ ಮೇಷ್ಟ್ರೆ."

ಗೆರೆ ಧೂಳಿನ ಕೆಳಗಿತ್ತು. ಒರೆಸಿದರೆ ಕಾಣುತ್ತಿತ್ತು, ಬಟ್ಟೆ ನನ್ನ ಕೈಯಲ್ಲೇ ಇತ್ತು. ಆದರೆ ವಿವಾದದಲ್ಲಿರುವ ಸ್ಥಳದ ಯಥಾಸ್ಥಿತಿ ಕೆಡಿಸಬಾರದು ಎಂದು ಪೇಪರಿನಲ್ಲಿ ಓದಿದ ನೆನಪು ಅದೇ ಹೊತ್ತಿಗೆ ಬಂತು. ನೆನಪುಗಳು ನನಗೆ ಯಾವಾಗಲೂ ಅನುಕೂಲ ನೋಡಿಯೇ ಬರುತ್ತವೆ. ಈಶ್ವರನ ಕೈ ಇನ್ನೂ ಚಾಚಿಯೇ ಇತ್ತು. ತಂದೆ ಅದನ್ನು ಹಿಡಿದು ರಾಜನ ಮೇಲಿಟ್ಟು, ರಾಜನನ್ನು ಒಂದು ಮನೆ ಹಿಂದಕ್ಕೆ ಎಳೆಸಿದರು. ನಿಯಮದಂತೆ ಹೇಮಾಳ ಗಡಿಯಾರ ಓಡತೊಡಗಿತು.

ಅದೃಷ್ಟಕ್ಕೆ ಕೊಟ್ರಯ್ಯನವರ ಗುಡ್ಡ ಅಳೆದಿದ್ದ ಸರ್ವೇಯರ್ ಜಡೆಪ್ಪ ಮಿರ್ಚಿ ತಿನ್ನುತ್ತ ಹಾಲಿನಲ್ಲೇ ಇದ್ದರು. ಕೈ ಒರೆಸಿಕೊಂಡು ಟೇಪು ತೆಗೆದರು.

"ಗಡಿ ಅಳೀಬೇಕಂದ್ರ ಅಲುಗಾಡದ ಒಂದು ಗುರ್ತು ಬೇಕ್ರಿ," ಎಂದು ಸುತ್ತ ನೋಡಿ, ಕೊಟ್ರಯ್ಯನವರ ಕುರ್ಚಿಯನ್ನು ಆರಿಸಿಕೊಂಡರು. ಅಳತೆ ನಡೆಯುವಾಗ ಕೊಟ್ರಯ್ಯನವರು ಕಾಲು ಚಾಚಲೆಂದು ಕುರ್ಚಿಯನ್ನು ಕೊಂಚ ಹಿಂದೆ ಸರಿಸಿದರು. ಗಡಿಯೂ ಗೌರವದಿಂದ ಹಿಂದೆ ಸರಿಯಿತು. ಒಂಬತ್ತು ಸಾಲು ಎಂದು ಜಡೆಪ್ಪ ಘೋಷಿಸಿದರು.

ಹಿಂದಿನಿಂದ ಎಲ್ಲಮ್ಮ ಎದ್ದು ನಿಂತಳು. "ನಮ್ ಹೊಲದಾಗೂ ಹಿಂಗ ಆತ್ರಿ. ಬದುವಿನ ಕಲ್ಲು ಇವತ್ತೊಂದ್ ಕಡಿ ಇದ್ರ ನಾಳಿಗೊಂದ್ ಕಡಿ. ಈ ಜಡೆಪ್ಪೋರೇ ಅಳದಿದ್ರು."

ಜಡೆಪ್ಪ ತಿರುಗಿ ಅವಳನ್ನು ಗುರುತಿಸಿದರು. "ಹೌದು, ನಾನ. ಆರಾಮ ಅದೀಯೇನವಾ?"

"ಆರಾಮ್ರಿ," ಎಂದು ಎಲ್ಲಮ್ಮ ಕೂತಳು.

"ಸರ, ನನ್ ಟೈಮ್ ಓಡಾಕತ್ತೈತ್ರಿ," ಎಂದಳು ಹೇಮಾ.

ಗಡಿಯಾರ ನಿಲ್ಲಿಸುವ ಅಧಿಕಾರ ನನ್ನದು, ಗಡಿಯಾರ ಪ್ರಾಯೋಜಕರದು. ಎರಡರಲ್ಲಿ ಯಾವುದು ದೊಡ್ಡದೆಂದು ನಾನು ಯೋಚಿಸುತ್ತಿದ್ದಾಗ ಅವಳು ಮತ್ತೆ ಹೇಳಿದಳು: "ಹೋಗ್ಲಿ ಬಿಡ್ರಿ. ಒಂಬತ್ತು ಸಾಲಂದ್ರ ಒಂಬತ್ತು. ಈ ಆನಿ ಇಲ್ಲೇ ಇರ್ಲಿ, ನನ್ ಇನ್ನೊಂದ್ ಆನಿ ಅಲ್ಲಿಗೆ ಹೋಗ್ತೈತಿ. ಅಲ್ಲೂ ಅವನಿಗೆ ಜಾಗಿಲ್ಲ, ನೋಡ್ರಿ."

ನೋಡಿದೆ. ಜಾಗವಿರಲಿಲ್ಲ. ಹುಡುಗಿ ಒಂಬತ್ತನೇ ಸಾಲಿನಲ್ಲೂ ಗೆಲ್ಲುವವಳಿದ್ದಳು. ಇದನ್ನು ಸಮಿತಿ ನಿರೀಕ್ಷಿಸಿರಲಿಲ್ಲ. ತಕ್ಷಣ ವೇದಿಕೆಯ ಮೂಲೆಯಲ್ಲಿ ತುರ್ತು ಸಭೆ ಸೇರಿ, ಚಹಾ ಮುಗಿಯುವುದರೊಳಗೆ ಠರಾವು ಮಾಡಿದೆವು. ಒಕ್ಕಣೆ ನನ್ನದೇ: "ಒಂಬತ್ತನೇ ಸಾಲು ಪ್ರಾಯೋಜಕರ ಸ್ವಾಧೀನದಲ್ಲಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಸದರಿ ಸಾಲಿಗೆ ಎದುರಾಳಿಯ ಆನೆ, ಕುದುರೆ, ಒಂಟೆ ಮುಂತಾದ ಜಾನುವಾರುಗಳು ಪೂರ್ವಾನುಮತಿ ಇಲ್ಲದೆ ಪ್ರವೇಶಿಸತಕ್ಕದ್ದಲ್ಲ. ಅನುಮತಿಗಾಗಿ ಕೆಲಸದ ದಿನಗಳಲ್ಲಿ ಅರ್ಜಿ ಸಲ್ಲಿಸಬಹುದು."

ಅಂದು ಭಾನುವಾರ. ಹೇಮಾ ಆನೆಯ ತಲೆ ಮೇಲೆ ಕೈಯಿಟ್ಟುಕೊಂಡು, ಗಡಿಯಾರದ ಸಮಯ ಮುಗಿಯುವವರೆಗೂ ನಿಂತಳು. ಸಮಯ ಮೀರಿದ ಕಾರಣ ಈಶ್ವರ್ ವಿಜಯಿ ಎಂದು ಮೈಕಿನಲ್ಲಿ ಹೇಳಿದೆ. ಹೇಳಿ ಮುಗಿಸಿ, ಕೈಯಲ್ಲಿದ್ದ ಬಟ್ಟೆಯಿಂದ ಮೈಕನ್ನು ಎರಡು ಸಲ ಒರೆಸಿದೆ. ಹೇಮಾಳಿಗೆ ಎರಡನೇ ಬಹುಮಾನವಾಗಿ ಮುಚ್ಚಳ ಗಟ್ಟಿಯಿದ್ದ ಒಳ್ಳೆಯ ಸ್ಟೀಲ್ ಟಿಫಿನ್ ಡಬ್ಬಿ ಕೊಡಲಾಯಿತು.

ಬಳ್ಳಾರಿಯಲ್ಲಿ ಈಶ್ವರ್ ಮೊದಲ ಆಟದಲ್ಲೇ ಸೋತ. ರಾಜನನ್ನು ಹಿಂದೆ ಸರಿಸು ಎಂದು ತಂದೆ ಕೂಗಿದಾಗ ಆತ ಪಾಪ ಸರಿಸಿದನಂತೆ. ರಾಜ ಟೇಬಲ್ಲಿನಿಂದ ಕೆಳಗೆ ಬಿದ್ದ.

"ಅಲ್ಲಿ ಎಂಟ ಸಾಲು ಅದಾವ್ರಿ. ಒಂದು ಸಾಲು ಯಾರೋ ನುಂಗ್ಯಾರ," ಎಂದು ಕೊಟ್ರಯ್ಯನವರು ಮರಳಿ ಬಂದು ನೊಂದುಕೊಂಡರು. ಸಮಿತಿ ಈ ಒತ್ತುವರಿಯನ್ನು ಖಂಡಿಸಿತು. ಮುಂದೆ ನಮ್ಮ ಸೀಮೆಯ ಎಲ್ಲ ಶಾಲೆಗಳಿಗೂ ಒಂಬತ್ತು ಸಾಲಿನ ಹಲಗೆಗಳನ್ನೇ ಹಂಚಿದೆವು. ಯಾವ ಶಾಲೆಯಿಂದಲೂ ಒಂದು ತಕರಾರು ಬರಲಿಲ್ಲ.

ಮರುವರ್ಷ ಹೊಸ ತಾಡಪತ್ರಿ ಕೇಳಲು ಕೊಟ್ರಯ್ಯನವರ ಸ್ಟಾಕ್‌ಯಾರ್ಡಿಗೆ ಹೋದೆ. ಊಟದ ಹೊತ್ತು. ಹೇಮಾ ನೆರಳಲ್ಲಿ ಕೂತಿದ್ದಳು, ಪಕ್ಕದಲ್ಲಿ ಸಣ್ಣ ಸುತ್ತಿಗೆ, ನಮ್ಮ ಟಿಫಿನ್ ಡಬ್ಬಿ. ನೆಲದ ಮೇಲೆ ಕಡ್ಡಿಯಿಂದ ಮನೆಗಳನ್ನು ಗೀರಿ, ಅದಿರಿನ ಹರಳು ಒಂದು ಕಡೆ, ಬಿಳಿ ಕಲ್ಲು ಇನ್ನೊಂದು ಕಡೆ ಜೋಡಿಸಿ ಪುಟ್ಟ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಸಾಲುಗಳನ್ನು ಎಣಿಸಿದೆ. ಒಂಬತ್ತಿದ್ದವು. ಕೊನೆಯದು ಖಾಲಿ.

"ಇದ್ಯಾಕಮ್ಮಾ ಖಾಲಿ ಬಿಟ್ಟೀ?"

"ಅದು ಬಿಡಬೇಕ್ರಿ ಸರ. ನಮ್ ಆಟ ಎಂಟ್ರಾಗ," ಎಂದಳು. ಸಿಟ್ಟಿನಿಂದಲ್ಲ, ಕುದುರೆಯ ನಡೆ ಹೇಳಿಕೊಡುವ ದನಿಯಲ್ಲೇ.

ನಾನು ತಲೆಯಾಡಿಸಿ ಹೊರಟೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಕಾಲು ಆ ಖಾಲಿ ಸಾಲಿನ ಮೇಲೆ ಬೀಳುವುದರಲ್ಲಿತ್ತು. ಎಲ್ಲರಿಗಿಂತ ಚಿಕ್ಕ ಹುಡುಗಿ ನನ್ನ ಬ್ಲೇಜರ್ ಹಿಡಿದು ಜಗ್ಗಿದಳು.

"ಸರ, ಅಲ್ಲಿ ಕಾಲಿಡಬ್ಯಾಡ್ರಿ. ಅದು ಸಾವ್ಕಾರ್ರದು."

ಗೊತ್ತಿದ್ದ ವಿಷಯವೇ. ನಾನು ಸುತ್ತು ಹಾಕಿಕೊಂಡು ಹೋದೆ.